ಬಳೆ ಬಾಳೆಯಾದ ಕಥೆ: ಮೂರನೇ ಹಾಡು, ಮಿಕ್ಸ್ 11

ನಮ್ಮ ಬ್ಯಾಂಡಿನ ಮೂರನೇ ಹಾಡಿನ ಮಿಕ್ಸ್ 11, ಅಂದ್ರೆ ಹಾಡು, ವಾದ್ಯ ಎಲ್ಲ ಹದವಾಗಿ ಬೆರೆಸಿದ ಹನ್ನೊಂದನೇ ಪ್ರತಿ, ಮುಗೀತು. ರೆಕಾರ್ಡಿಂಗ್, ಎಡಿಟಿಂಗ್ ಕಥೆ ಇಲ್ಲಿ ಬಿಡ್ತೀನಿ. ಸೆಟಪ್ ಹಳೇದೇ: ಮೈಕ್, ಗಿಟಾರನ್ನ ಕಂಪ್ಯೂಟರಿಗೆ ಜೋಡಿಸೋ ಎರಡು ಇನ್‌ಪುಟ್ಟಿನ ಇಂಟರ್‌ಫೇಸ್, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್, ಒಂದು ಕಂಡೆನ್ಸರ್ ಮೈಕ್, ಸುತ್ತ ಅವ್ವನ ಮೂರು ಕೌದಿ. (ಧಾರವಾಡದ ಏಪ್ರಿಲ್‌ನಲ್ಲಿ ಫ್ಯಾನ್ ಆಫ್ ಮಾಡಿ ಕೌದಿ ನಡುವೆ ನಿಂತು ಹಾಡಿದ ನಮ್ಮ ಗಾಯಕನಿಗೆ ದೊಡ್ಡ ನಮಸ್ಕಾರ.) ಮೈಕ್ ಕೇಬಲ್ ಆರ್ಡರ್ ಮಾಡಿದ್ರೆ ಅಂಗಡಿಯವರು ಎರಡನೇ ಸಲವೂ ಗಿಟಾರ್ ಕೇಬಲ್ಲೇ ಕಳಿಸಿದ್ರು. ಈಗ ಮನೇಲಿ ಗಿಟಾರ್ ಒಂದು, ಕೇಬಲ್ ನಾಲ್ಕು.

ತಲೆ ತಿಂದದ್ದು ಅಭಿಪ್ರಾಯ ಕೇಳೋ ಕೆಲಸ. ಯಾವ ಮಿಕ್ಸ್ ಕಳಿಸಿದ್ರೂ "ಸೂಪರ್", "ಮಸ್ತ್ ಐತಿ", ಜೊತೆಗೊಂದು ಬೆಂಕಿ ಇಮೋಜಿ. 6 ಚೆಂದವೋ 7 ಚೆಂದವೋ ಅಂದ್ರೆ ಎಲ್ಲರೂ 7 ಅಂದ್ರು. ಉಬ್ಬಿಹೋಗಿ ಮೀಟರ್ ನೋಡಿದ್ರೆ 7 ಬರೋಬ್ಬರಿ 3 ಡಿಬಿ (ಡೆಸಿಬಲ್, ಸದ್ದಿನ ಅಳತೆ) ಜೋರು! ಸದ್ದು ಕಮ್ಮಿಯಾದ ಹಾಗೆ ಬಾಸ್ (ತಗ್ಗು ಸ್ವರ) ಕಿವಿಯಿಂದ ಬೇಗ ಜಾರುತ್ತೆ ಅಂತ ಫ್ಲೆಚರ್, ಮನ್ಸನ್ ಅನ್ನೋ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. ಜೋರಿದ್ದದ್ದು ತುಂಬಿಕೊಂಡು ಕೇಳೋದೂ ಅದಕ್ಕೇ. ಎರಡನ್ನೂ ಒಂದೇ ಜೋರಿಗೆ, -14 ಲಫ್ಸ್‌ಗೆ (ಹಾಡಿನ ಒಟ್ಟು ಜೋರಿನ ಅಳತೆ) ತಂದು, ಹೆಸರು ಮುಚ್ಚಿ ಕಳಿಸಿದೆ. ಅರ್ಧ ಜನ ಆ ಕಡೆ, ಅರ್ಧ ಈ ಕಡೆ. ಇಡೀ ತಿಂಗಳು ನಾನು ಮಾಡಿದ್ದು ಫೇಡರ್ (ಸದ್ದು ಏರಿಳಿಸೋ ಗುಂಡಿ) ಏರಿಸೋದಷ್ಟೇ. ಬಾಸಿಸ್ಟ್‌ನ ಸಂಕಟ ಬೇರೆ, ಅವನ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಬಾಸ್ ಗಿಟಾರಿನ ಅತಿ ತಗ್ಗಿನ, 41 ಹರ್ಟ್ಜ್‌ನ ಇ ತಂತಿ ಫೋನ್ ಸ್ಪೀಕರಲ್ಲಿ ಎಲ್ಲಿಂದ ಬರಬೇಕು, ಪಾಪ.

ಆಮೇಲೆ ಪ್ರಶ್ನೆನೇ ಬದಲಿಸಿದೆ. ಹೇಗಿದೆ ಅಂತ ಕೇಳಲಿಲ್ಲ. "ಪಲ್ಲವಿ ಕೇಳಿ, ಕಿವಿಗೆ ಬಿದ್ದ ಹಾಗೆ ಬರೆದು ಕಳಿಸಿ" ಅಂದೆ. ಎಂಟು ಜನರಲ್ಲಿ ಐವರು ಬರೆದದ್ದು: "ನಿನ್ನ ಬಾಳೆ ಸಪ್ಪಳ ಕೇಳಿ".

ನಾವು ಬರೆದದ್ದು "ಬಳೆ", ಅವರಿಗೆ ಕೇಳಿದ್ದು ಬಾಳೆ! ಅವ್ವ ಅಂತೂ ನೇರವಾಗಿ ಕೇಳಿದಳು, "ಬಾಳಿಹಣ್ಣು ಸಪ್ಪಳಾ ಹೆಂಗ ಮಾಡ್ತೈತೋ?"

ಮೊದಲು ಗಿಟಾರ್ ಮೇಲೆ ಅನುಮಾನ. 3 ಕಿಲೋಹರ್ಟ್ಜ್ ಸುತ್ತ ಗಿಟಾರ್ ಧ್ವನಿಯ ಮೇಲೆ ಕೂತಿತ್ತು, ವ್ಯಂಜನಗಳ ಅಂಚು ಇರೋದೇ ಅಲ್ಲಿ. ಅಲ್ಲಿ 3 ಡಿಬಿ ಇಳಿಸಿದೆ. "ಸಪ್ಪಳ"ದ ಒತ್ತು ಕನ್ನಡಿ ಹಾಗೆ ಕೇಳ್ತು. ಬಾಳೆ ಮಾತ್ರ ಬಾಳೆಯಾಗೇ ಉಳೀತು, ಇನ್ನೂ ಸ್ಪಷ್ಟವಾದ ಬಾಳೆ. ರಿವರ್ಬ್ (ಗುಂಯ್‌ಗುಡೋ ಮಾರ್ದನಿ) ತೆಗೆದೆ, ಸದ್ದಿನ ಏರಿಳಿತ ಹಿಡಿದಿಡೋ ಕಂಪ್ರೆಸರ್ ಸಡಿಲ ಮಾಡಿದೆ, ಅದೇ ಸಾಲನ್ನ ಎರಡನೇ ಸಲ ಹಾಡಿ ಸೇರಿಸಿದ್ದ ಡಬಲ್ ಟ್ರ್ಯಾಕ್ ಮ್ಯೂಟ್ ಮಾಡಿದೆ. ಕೊನೆಗೆ ರಾತ್ರಿ ಎರಡಕ್ಕೆ ಬರೀ ಧ್ವನಿ ಹಾಕಿ ಕೇಳಿದಾಗ ತಿಳೀತು: ಅಲ್ಲಿರೋದೇ ಬಾಳೆ! ರಾಗ ಕಟ್ಟುವಾಗ ನಾನೇ "ಬ"ವನ್ನ ಎರಡು ಬೀಟ್ ಎಳೆದಿದ್ದೆ. 92 ಬಿಪಿಎಂಗೆ (ನಿಮಿಷಕ್ಕೆ 92 ಬೀಟ್) ಅದು 1.3 ಸೆಕೆಂಡ್. ಅಷ್ಟು ಹೊತ್ತು ಹ್ರಸ್ವವಾಗಿ ಉಳಿಯೋ ಅಕ್ಷರ ಕನ್ನಡದಲ್ಲಿ ಯಾವುದಿದೆ? ಕಡು ಕಾಡಾಗುತ್ತೆ, ಬಿಡು ಬೀಡಾಗುತ್ತೆ. ಶಾಲೇಲಿ ಲಘು-ಗುರು ಹಾಕುವಾಗ ನಿದ್ದೆ ಹೊಡೆದದ್ದರ ಬಡ್ಡಿ ಇದು.

ಪರಿಹಾರಕ್ಕೆ ಪ್ಲಗಿನ್ (ಸದ್ದು ತಿದ್ದೋ ಸಾಫ್ಟ್‌ವೇರ್) ಬೇಕಾಗಲಿಲ್ಲ. "ಬ"ವನ್ನ ಅರ್ಧ ಬೀಟ್ ಮುಂಚೆ ತಟ್ಟನೆ ಬಿಟ್ಟು, ಎಳೆತವನ್ನ "ಳೆ" ಮೇಲೆ ಹಾಕಿದೆವು: ಬಳೇ... ಪದದ ಕೊನೆ ಎಳೆದರೆ ಯಾರೂ ಪದ ತಪ್ಪು ತಿಳಿಯಲ್ಲ. ಬೀದೀಲಿ ತರಕಾರಿ ಕೂಗೋರೂ ಅಲ್ಲೇ ಎಳೀತಾರೆ. ಒಂದೇ ಟೇಕ್. ಅದರಲ್ಲೂ ಕುಕ್ಕರ್ ಸೀಟಿ ಇದೆ, ಅದೃಷ್ಟಕ್ಕೆ ಶ್ರುತಿಗೆ ಹತ್ತಿರದಲ್ಲಿದೆ, ಬಿಟ್ಟಿದ್ದೀನಿ.

ನಡುವೆ ಇನ್ನೊಂದು ಹುಚ್ಚು: ನಾಲ್ಕನೇ ಹಾಡಿಗೆ ಚೌಡಿಕೆ (ಚರ್ಮ ಬಿಗಿದ ತಂತಿಯ ಜಾನಪದ ವಾದ್ಯ) ಬೇಕು. ಮೈಕ್ ಇಟ್ಟರೆ ಕೋಣೆಯೆಲ್ಲ ಬರುತ್ತೆ, ಅದಕ್ಕೆ ಚರ್ಮದ ಅಂಚಿಗೆ ಕಂಪನವನ್ನ ನೇರ ವಿದ್ಯುತ್ತಾಗಿಸೋ ಪೀಜೋ ಬಿಲ್ಲೆ ಅಂಟಿಸೋ ಯೋಚನೆ. ಲೈನ್ ಇನ್‌ಪುಟ್ಟಿಗೆ ನೇರ ಚುಚ್ಚಿದರೆ ತಗಡು ಬಡಿದ ಹಾಗಾಗುತ್ತೆ, ಇನ್‌ಪುಟ್ಟಿನ ತಡೆ (ಇಂಪೀಡೆನ್ಸ್) 1 ಮೆಗಾಓಮ್ ಆದರೂ ಬೇಕು, ಹಾಗಾಗಿ ಗಿಟಾರ್ ಇನ್‌ಪುಟ್ಟೇ ಗತಿ. ಆ ನಾಲ್ಕು ಕೇಬಲ್‌ಗೆ ಕೊನೆಗೂ ಕೆಲಸ ಸಿಕ್ಕಿತು.

ಮಿಕ್ಸ್ 11 ಹೊಸ ಎಂಟು ಜನಕ್ಕೆ ಹೋಯ್ತು. ಎಂಟಕ್ಕೆ ಎಂಟೂ "ಬಳೆ". ಆದರೆ ಎರಡನೇ ಚರಣದ "ಹಳೆ ಊರು" ಆರು ಜನಕ್ಕೆ "ಹಾಳೂರು". ಡ್ರಮ್ಮರ್ ಅಂತಾನೆ, ನಮ್ಮ ಓಣಿ ರಸ್ತೆ ನೋಡಿದ್ರೆ ಅದನ್ನ ಹಾಗೇ ಬಿಡಬಹುದು.