ಭೀಮ ಭಾವುಕ, ದುರ್ಯೋಧನ ಲೆಕ್ಕಾಚಾರದವನು: ಹೌದೇ?

ಮುಂಬಯಿಯ ಕನ್ನಡಿಗರ ನಡುವೆ ರನ್ನನ ‘ಗದಾಯುದ್ಧ’ವನ್ನು ಓದಿ ಅರ್ಥ ಹೇಳುವ ನನಗೆ ಪ್ರತಿಸಲವೂ ಎದುರಾಗುವ ಪ್ರಶ್ನೆ ಇದು: ‘ಭೀಮನದು ಬರೀ ಭಾವಾವೇಶ, ದುರ್ಯೋಧನನದು ಲೆಕ್ಕಾಚಾರ, ಅಲ್ಲವೇ?’ ಹೇಳಿ ಹೇಳಿ ಸಾಕಾಗಿದೆ. ಅಲ್ಲ.

ಡೊಂಬಿವಲಿಯಲ್ಲಿ ಒಮ್ಮೆ ಹಿರಿಯರೊಬ್ಬರು, ನಾನಿನ್ನೂ ಪುಸ್ತಕ ಮುಚ್ಚುವ ಮೊದಲೇ, ‘ಲೋಕಲ್ ಹಿಡಿಯಬೇಕು, ಒಂದೇ ಮಾತಿನಲ್ಲಿ ಹೇಳಿಬಿಡಿ ಮಾಷ್ಟ್ರೇ’ ಎಂದರು. ಆ ‘ಒಂದೇ ಮಾತು’ ನನ್ನನ್ನು ಕೆರಳಿಸಿತು. ಅವರು ಆಗಷ್ಟೇ ಕೇಳಿದ್ದು ಏನನ್ನು? ಸಂಜಯನೊಡನೆ ಹೆಣಗಳ ನಡುವೆ ನಡೆಯುವ ದುರ್ಯೋಧನ, ಮಗ ಲಕ್ಷಣಕುಮಾರನ ಮುಂದೆ ನಿಂತು, ತಂದೆಗೆ ಮಗ ತರ್ಪಣ ಕೊಡುವ ಕ್ರಮವನ್ನೇ ನೀನು ತಿರುವುಮುರುವು ಮಾಡಿದೆಯಲ್ಲ ಎಂದು ಮರುಗುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿಗೂ ಕೈಮುಗಿದು, ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡುತ್ತಾನೆ. ಇವನು ಭಾವನೆಯಿಲ್ಲದವನೇ?

ಲೆಕ್ಕಾಚಾರವೂ ಇತ್ತು, ನಿಜ. ಭೀಷ್ಮರ ಸಲಹೆಯಂತೆ ವೈಶಂಪಾಯನ ಸರೋವರದಲ್ಲಿ ಅಡಗಿ ಆ ದಿನವೊಂದನ್ನು ಕಳೆದಿದ್ದರೆ ಬಲರಾಮ, ಅಶ್ವತ್ಥಾಮ, ಕೃಪ, ಕೃತವರ್ಮರು ಬಂದು ಕೂಡಿಕೊಳ್ಳುತ್ತಿದ್ದರು. ಆದರೆ ಭೀಮನ ಗರ್ಜನೆ ಕಿವಿಗೆ ಬಿದ್ದದ್ದೇ ತಡ, ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’: ಹಾವಿನ ಬಾವುಟದ ದುರ್ಯೋಧನ ನೀರೊಳಗಿದ್ದೂ ಬೆವರಿದ. ಈ ಬೆವರನ್ನು ಭಯದ ಬೆವರೆಂದು ವಿವರಿಸುವವರಿದ್ದಾರೆ. ಅದೇ ಪದ್ಯದಲ್ಲಿ ‘ಕೋಪಾರುಣನೇತ್ರಂ’ ಎಂಬ ಮಾತಿರುವುದನ್ನು ಅವರು ದಯವಿಟ್ಟು ನೋಡಬೇಕು. ಸಿಟ್ಟು ಅವನ ಲೆಕ್ಕವನ್ನು ಕೆಡಿಸಿತು. ಆ ಸಿಟ್ಟನ್ನು ಎಬ್ಬಿಸಿದ್ದು ಭೀಮನ ಮೂದಲಿಕೆ; ಛಲಗಾರನನ್ನು ನೀರಿನಿಂದ ಹೊರಗೆಳೆಯಲು ಏನನ್ನಾಡಬೇಕು ಎಂಬುದು ಆವೇಶವೊಂದರಿಂದಲೇ ತಿಳಿಯುವುದಿಲ್ಲ.

ವ್ಯಾಸರಲ್ಲಿಯೂ ಹಾಗೆಯೇ. ಶಲ್ಯಪರ್ವದಲ್ಲಿ ಧರ್ಮರಾಯ, ನಮ್ಮೈವರಲ್ಲಿ ಯಾರನ್ನಾದರೂ ಆರಿಸಿಕೊಂಡು ಕೊಂದರೆ ರಾಜ್ಯ ನಿನ್ನದೇ ಎಂದು ಹೇಳಿ ಕೃಷ್ಣನಿಂದ ಬೈಸಿಕೊಳ್ಳುತ್ತಾನೆ. ಆದರೂ ದುರ್ಯೋಧನ ನಕುಲನನ್ನಾಗಲಿ ಸಹದೇವನನ್ನಾಗಲಿ ಕರೆಯುವುದಿಲ್ಲ. ಭೀಮನ ಕಬ್ಬಿಣದ ಪ್ರತಿಮೆಯ ಮೇಲೆ ಅವನು 13 ವರ್ಷ ಗದೆಯ ಅಭ್ಯಾಸ ಮಾಡಿದ್ದನ್ನು ಅಲ್ಲಿ ಕೃಷ್ಣನೇ ಹೇಳುತ್ತಾನೆ. ಅದು ದ್ವೇಷವೇ, ಶಿಸ್ತೇ? ಬೇರ್ಪಡಿಸಿ ತೋರಿಸಬಲ್ಲವರು ತೋರಿಸಲಿ.

ನನ್ನನ್ನು ಯಾರೂ ಕೇಳದ ಪ್ರಶ್ನೆ ಬೇರೆಯೇ ಇದೆ. ತನಗೆ ಆಶ್ರಯ ಕೊಟ್ಟ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಒಂದಾಗಿಸಿ, ಭೀಮನನ್ನೇ ನಾಯಕನಾಗಿಸಿ ಬರೆಯಲು ಕುಳಿತ ಕವಿ, ರಣರಂಗದ ಆ ದೀರ್ಘ ಶೋಕವನ್ನು ದುರ್ಯೋಧನನಿಗೆ ಏಕೆ ಕೊಟ್ಟ? ಎದುರಾಳಿ ಹಿರಿದಾದಷ್ಟೂ ಗೆದ್ದವನ ಕೀರ್ತಿ ಹಿರಿದು ಎಂಬ ಉತ್ತರವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕೀರ್ತಿಗಾಗಿಯೇ ಆಗಿದ್ದರೆ ದುರ್ಯೋಧನನ ಶೌರ್ಯವನ್ನು ಹೊಗಳಿದ್ದರೆ ಸಾಕಿತ್ತು, ಅಭಿಮನ್ಯುವಿನ ಮುಂದೆ ಅವನ ಕೈಮುಗಿಸಬೇಕಾಗಿರಲಿಲ್ಲ. ಅಲ್ಲಿ ರನ್ನ ತನ್ನ ದೊರೆಯನ್ನು ಮರೆತಿದ್ದಾನೆಂದೇ ನಾನು ನಂಬಿದ್ದೇನೆ. ಒಪ್ಪದವರು ಪದ್ಯ ಹಿಡಿದುಕೊಂಡು ಬರಲಿ, ಎಷ್ಟು ಹೊತ್ತಾದರೂ ಕುಳಿತು ವಾದಿಸುತ್ತೇನೆ.