ಗೂಟ ಹೊಡೆಯುವ ದಿನ: ಲ್ಯಾಕ್ಸ್ಟನ್ನಿನ ಬೇಲಿಯಿಲ್ಲದ ಹೊಲಗಳಲ್ಲಿ

ಮಧ್ಯಯುಗ ನೋಡಬೇಕೆಂದು ಇಂಗ್ಲೆಂಡಿಗೆ ಹೋದವರು ಕೋಟೆ ಸುತ್ತುತ್ತಾರೆ. ದುಬಾರಿ ಟಿಕೆಟ್ಟು ಕೊಂಡು, ತಗಡಿನ ಕವಚ ತೊಟ್ಟವರ ನಕಲಿ ಕಾಳಗ ನೋಡಿ, ಮರದ ಕತ್ತಿಯೊಂದನ್ನು ಮಕ್ಕಳಿಗೆ ಕೊಡಿಸಿ ವಾಪಸಾಗುತ್ತಾರೆ. ಆ ಕೋಟೆಯವರ ಹೊಟ್ಟೆಗೆ ಹಿಟ್ಟು ಎಲ್ಲಿಂದ ಬರುತ್ತಿತ್ತು ಎಂದು ತಿಳಿಯಬೇಕಾದರೆ ಹೋಗಬೇಕಾದದ್ದು ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್ಟನ್ ಎಂಬ ಹಳ್ಳಿಗೆ. ಬೇಲಿ, ಬದು ಯಾವುದೂ ಇಲ್ಲದ ಮೂರು ದೊಡ್ಡ ಹೊಲಗಳನ್ನು ಹಲವು ಒಕ್ಕಲುಗಳು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಇಲ್ಲಿ ಇಂದಿಗೂ ಬೇಸಾಯ ಮಾಡುತ್ತವೆ. ಆ ಹೊಲಗಳ ಮೇಲೆ ಅಧಿಕಾರ ನಡೆಸುವ ಮ್ಯಾನರ್ ನ್ಯಾಯಾಲಯವೂ, ಅಂದರೆ ಲಾರ್ಡ್ ಎನ್ನುವ ಜಮೀನೊಡೆಯನ ಹೆಸರಿನಲ್ಲಿ ನಡೆಯುವ ಊರ ನ್ಯಾಯಾಲಯವೂ, ಉಳಿದುಕೊಂಡಿದೆ. ಅದು ಕೂರುವುದು ಊರಿನ ಪಬ್ಬಿನಲ್ಲಿ.

ಹೋಗುವ ದಾರಿಯ ಬಗ್ಗೆ ಒಂದು ಮಾತು, ಸ್ವಲ್ಪ ಸಿಟ್ಟಿನಿಂದಲೇ. ಇಂಗ್ಲೆಂಡಿನಲ್ಲಿ ಲ್ಯಾಕ್ಸ್ಟನ್ ಹೆಸರಿನ ಊರುಗಳು ಮೂರಿವೆ. ನಾರ್ಥ್ಯಾಂಪ್ಟನ್‌ಶೈರಿನಲ್ಲೊಂದು, ಪೂರ್ವ ಯಾರ್ಕ್‌ಶೈರಿನಲ್ಲೊಂದು, ನಮಗೆ ಬೇಕಾದದ್ದು ಮೂರನೆಯದು. ಬರೀ ಹೆಸರು ಒತ್ತಿ ಹೊರಡುವ ಬಾಡಿಗೆ ಕಾರಿನ ಚಾಲಕರು ಲಂಡನ್ನಿಗೆ ಹತ್ತಿರದ ಲ್ಯಾಕ್ಸ್ಟನ್ನಿಗೆ ಕರೆದೊಯ್ದು ಇಳಿಸಿ, ಸುತ್ತುಬಳಸಿದ್ದಕ್ಕೂ ಬಾಡಿಗೆ ಕೇಳುತ್ತಾರೆ. ಹತ್ತಿರದ ಪಟ್ಟಣಗಳಾದ ಟಕ್ಸ್‌ಫರ್ಡ್ ಅಥವಾ ಓಲರ್ಟನ್ ಹೆಸರನ್ನು ಜೊತೆಗೆ ಹೇಳಬೇಕು. ರೈಲಿನಲ್ಲಿ ಹೋಗುವುದಾದರೆ ಲಂಡನ್ನಿನ ಕಿಂಗ್ಸ್ ಕ್ರಾಸಿನಿಂದ ನ್ಯೂಆರ್ಕ್ ನಾರ್ತ್‌ಗೇಟಿಗೆ ಬಂದು, ಅಲ್ಲಿಂದ ಹತ್ತು ಹನ್ನೆರಡು ಮೈಲಿ ಟ್ಯಾಕ್ಸಿ. ಬಸ್ಸು ನಂಬಿ ಹೊರಡುವುದು ಬೇಡ.

ನವೆಂಬರ್ ಕೊನೆಯ ಹೊತ್ತಿಗೆ ಹೋದರೆ ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು ಬೇಕೇ ಬೇಕು. ಇಲ್ಲಿನದು ಕೆಂಪು ಜೇಡಿಮಣ್ಣು. ಮಳೆ ಬಿದ್ದ ಮೇಲೆ ಹತ್ತು ಹೆಜ್ಜೆ ಇಟ್ಟರೆ ಒಂದೊಂದು ಪಾದಕ್ಕೂ ಎರಡೆರಡು ಸೇರು ಮಣ್ಣು ಮೆತ್ತಿಕೊಳ್ಳುತ್ತದೆ. ಊರಿನ ಇತಿಹಾಸವೂ ಅರ್ಧಕ್ಕರ್ಧ ಈ ಮಣ್ಣಿನದೇ.

ಇಂಥ ಮಣ್ಣನ್ನು ಬರೀ ಗೀರುವ ಹಗುರ ನೇಗಿಲು ಸಾಲದು. ಮಧ್ಯಯುಗದ ಉತ್ತರ ಯುರೋಪಿನ ನೇಗಿಲು ನಮ್ಮ ಉತ್ತರ ಕರ್ನಾಟಕದ ರೆಂಟೆಯ ಜಾತಿಯದು. ಮುಂದೆ ನೆಲವನ್ನು ನೆಟ್ಟಗೆ ಸೀಳುವ ಕಬ್ಬಿಣದ ಕತ್ತಿ, ಅದರ ಹಿಂದೆ ಅಡ್ಡಕ್ಕೆ ಕೊಯ್ಯುವ ಕುಳ, ಕೊಯ್ದ ಹೆಂಟೆಯನ್ನು ಬಲಕ್ಕೆ ಮಗುಚುವ ಮರದ ಹಲಗೆ. ಪುಸ್ತಕದ ಲೆಕ್ಕದಲ್ಲಿ ಇದಕ್ಕೆ ಎಂಟು ಎತ್ತು. ಎಂಟೂ ಒಬ್ಬನ ಬಳಿ ಇರುವುದು ಅಪರೂಪವಾದ್ದರಿಂದ ನಾಲ್ಕಾರು ಮನೆಯವರು ಎತ್ತು ಕೂಡಿಸಿ ಕಟ್ಟುತ್ತಿದ್ದರು. ಮಣ್ಣು ಯಾವಾಗಲೂ ಬಲಕ್ಕೇ ಬೀಳುತ್ತದೆ. ಪಟ್ಟಿಯ ನಡುವಿನಿಂದ ಶುರುಮಾಡಿ ಸುತ್ತಿ ಸುತ್ತಿ ಉತ್ತರೆ ಮಣ್ಣು ನಡುವಿಗೆ ಏರಿ ದಿಬ್ಬವಾಗುತ್ತದೆ, ಎರಡು ಪಟ್ಟಿಗಳ ನಡುವೆ ತಗ್ಗು ಉಳಿಯುತ್ತದೆ. ಮಳೆನೀರು ಹರಿದುಹೋಗಲು ಇದೇ ಕಾಲುವೆ, ಇಬ್ಬರ ನಡುವಿನ ಗಡಿಯೂ ಇದೇ. ಉದ್ದನೆಯ ಎತ್ತಿನ ಸಾಲು ಪಟ್ಟಿಯ ಕೊನೆಯಲ್ಲಿ ಒಮ್ಮೆಲೇ ತಿರುಗದು. ಸ್ವಲ್ಪ ಮುಂಚಿನಿಂದಲೇ ಎಡಕ್ಕೆ ಎಳೆದು ತಿರುಗಿಸಬೇಕು. ಹಾಗಾಗಿಯೇ ಹಳೆಯ ಪಟ್ಟಿಗಳು ಇಂಗ್ಲಿಷಿನ ಎಸ್ ಅಕ್ಷರವನ್ನು ತಿರುವಿ ಬರೆದಂತೆ ಬಳುಕಿರುತ್ತವೆ. ಈ ಬಳುಕನ್ನು ಕಣ್ಣಾರೆ ಕಂಡ ಮೇಲೆ ಕೋಟೆಯ ಕಲ್ಲುಗೋಡೆ ಸಪ್ಪೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಅಳತೆಯ ವಿಚಾರ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಒಂದು ಸಾಲಿನ ಉದ್ದ ಒಂದು ಫರ್ಲಾಂಗು, ಅಂದರೆ 660 ಅಡಿ. ಅಗಲ ಅಳೆಯಲು ಹದಿನಾರೂವರೆ ಅಡಿಯ ಕೋಲು, ಅದಕ್ಕೆ ರಾಡ್ ಎನ್ನುತ್ತಾರೆ. ಫರ್ಲಾಂಗು ಉದ್ದ, ನಾಲ್ಕು ಕೋಲು ಅಗಲವಾದರೆ ಒಂದು ಎಕರೆ. ಬ್ರಿಟಿಷರ ಕಾಲದ ಸರ್ವೆಯಿಂದ ನಮಗೆ ಬಂದ 33 ಅಡಿಯ ಸರಪಳಿ ಸರಿಯಾಗಿ ಎರಡು ಕೋಲು. ಆ ಸರಪಳಿ ಚೌಕದ ಗುಂಟೆ 1089 ಚದರಡಿ, ನಲವತ್ತು ಗುಂಟೆಗೆ ಒಂದು ಎಕರೆ. ನಮ್ಮ ಪಹಣಿಯಲ್ಲಿ ಎಕರೆ–ಗುಂಟೆ ಎಂದು ಬರೆಯುವ ಲೆಕ್ಕದ ಬೇರು ಇಂಥ ಜೇಡಿಮಣ್ಣಿನ ಉಳುಮೆಯಲ್ಲಿದೆ.

ಲ್ಯಾಕ್ಸ್ಟನ್ನಿನ ಮೂರು ಹೊಲಗಳಿಗೆ ಪಶ್ಚಿಮದ ಹೊಲ, ಗಿರಣಿ ಹೊಲ, ದಕ್ಷಿಣದ ಹೊಲ ಎಂದು ಹೆಸರು. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಬೀಳು ಸರದಿಯ ಹೊಲದಲ್ಲಿ ಈಗ ಹೆಚ್ಚಾಗಿ ಮೇವು ಬೆಳೆಯುತ್ತಾರೆ. ಹಿಂದೆ ಅದು ಊರ ದನ-ಕುರಿಗೆ ಬಿಟ್ಟ ನೆಲ, ಗೊಬ್ಬರವೂ ಅಲ್ಲೇ ಬೀಳುತ್ತಿತ್ತು. ನನ್ನ ಪಟ್ಟಿಯಲ್ಲಿ ನನಗಿಷ್ಟವಾದದ್ದು ಬೆಳೆಯುತ್ತೇನೆ ಎನ್ನುವಂತಿರಲಿಲ್ಲ. ಕೊಯ್ಲು ಮುಗಿದ ಹೊಲಕ್ಕೆ ಎಲ್ಲರ ದನಗಳೂ ಒಂದೇ ದಿನ ನುಗ್ಗುತ್ತಿದ್ದವು. ತಡವಾಗಿ ಮಾಗುವ ಬೆಳೆ ಇಟ್ಟವನ ಪಾಲು ದನಕ್ಕೆ. ಬೇಗ ಹೊಲ ತೆರೆದರೆ ಬಡವರಿಗೆ ಹಕ್ಕಲು ಆಯಲು ಸಮಯವಿಲ್ಲ, ತಡ ಮಾಡಿದರೆ ದನಕ್ಕೆ ಮೇವಿಲ್ಲ. ಆ ದಿನ ಯಾವುದೆಂದು ಊರೆಲ್ಲ ಕೂಡಿ ಗೊತ್ತುಮಾಡಬೇಕಿತ್ತು. ಹಕ್ಕಲಿಗೂ ಕಟ್ಟಳೆಯಿತ್ತು. ಕೂಲಿಗೆ ಕುಡುಗೋಲು ಹಿಡಿಯಬಲ್ಲ ಗಟ್ಟಿಮುಟ್ಟಾದವರು ಹಕ್ಕಲು ಆಯುವಂತಿಲ್ಲ ಎಂಬ ನಿಯಮ ಹಲವು ಇಂಗ್ಲಿಷ್ ಮ್ಯಾನರುಗಳಲ್ಲಿ ಕಾಣುತ್ತದೆ.

ಒಕ್ಕಲಿನ ಕಣಜಕ್ಕೆ ಕೊನೆಗೆ ಎಷ್ಟು ಬರುತ್ತಿತ್ತು? ಇದು ಲ್ಯಾಕ್ಸ್ಟನ್ ಒಂದರದ್ದಲ್ಲ, ಹದಿಮೂರನೆಯ ಶತಮಾನದ ಇಂಗ್ಲೆಂಡಿನ ಸಾಮಾನ್ಯ ಲೆಕ್ಕ. ಮೂವತ್ತು ಎಕರೆಯವನು ಆ ಕಾಲದ ಅನುಕೂಲಸ್ಥ, ಬಹಳ ಮಂದಿಗೆ ಅದರ ಅರ್ಧವೂ ಇರಲಿಲ್ಲ. ಮೂರು ಹೊಲದ ಪದ್ಧತಿಯಲ್ಲಿ ಅವನಿಗೆ ಗೋಧಿಗೆ ಸಿಗುವುದು ಹತ್ತೆಕರೆ. ಎಕರೆಗೆ ಎರಡು ಬುಷೆಲ್ (ಧಾನ್ಯ ಅಳೆಯುವ ಹಳೆಯ ಇಂಗ್ಲಿಷ್ ಅಳತೆ) ಬಿತ್ತಿದರೆ ಎಂಟು ಬಂದರೆ ಸಮಾಧಾನ. ಒಟ್ಟು 80 ಬುಷೆಲ್ಲಿನಲ್ಲಿ ಹತ್ತನೇ ಒಂದು ಭಾಗ, ಅಂದರೆ 8, ಚರ್ಚಿಗೆ. ಮುಂದಿನ ಬಿತ್ತನೆಗೆ 20. ಉಳಿದ 52ನ್ನು ಲಾರ್ಡನ ಗಿರಣಿಯಲ್ಲೇ ಬೀಸಿಸಬೇಕು, ಹದಿನಾರಕ್ಕೊಂದು ಪಾಲು ಅಲ್ಲಿ ಹಿಡಿದರೆ ಉಳಿಯುವುದು 48 ಚಿಲ್ಲರೆ. ನಮ್ಮ ಲೆಕ್ಕದಲ್ಲಿ ಸುಮಾರು ಹದಿಮೂರು ಕ್ವಿಂಟಲ್. ಇಷ್ಟರ ಮೇಲೆ ವಾರಕ್ಕೆ ಎರಡು ಮೂರು ದಿನ ಲಾರ್ಡನ ಹೊಲದಲ್ಲಿ ಬಿಟ್ಟಿ ದುಡಿಮೆ, ಸುಗ್ಗಿಯಲ್ಲಿ ಹೆಚ್ಚುವರಿ ದಿನಗಳು, ಮಗಳ ಮದುವೆಗೆ ತೆರಿಗೆ, ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೆಯ ಪ್ರಾಣಿ ಲಾರ್ಡನಿಗೆ. ನಾಟಿಂಗ್‌ಹ್ಯಾಮ್‌ಶೈರ್ ಸೇರಿದಂತೆ ಡೇನರು ನೆಲೆಸಿದ್ದ ಸೀಮೆಗಳಲ್ಲಿ ಮಾತ್ರ ಇಷ್ಟು ಬಿಗಿಯಿಲ್ಲದ ಒಕ್ಕಲುಗಳೂ ಸಾಕಷ್ಟಿದ್ದರು.

ಈಗ ಗೂಟದ ವಿಷಯಕ್ಕೆ. ವರ್ಷದ ಗೋಧಿ ಬಿತ್ತನೆ ಮುಗಿದ ಮೇಲೆ, ನವೆಂಬರ್ ಕೊನೆಯಲ್ಲಿ, ಮ್ಯಾನರ್ ನ್ಯಾಯಾಲಯದ ಜ್ಯೂರಿ, ಅಂದರೆ ಪ್ರಮಾಣ ಮಾಡಿದ ಪಂಚರ ತಂಡ, ಆ ಹೊಲಕ್ಕೆ ಇಳಿಯುತ್ತದೆ. ಫೋರ್‌ಮನ್ ಒಬ್ಬ, ಜೊತೆಗೆ ಊರಿನ ರೈತರು, ಒಂದು ಹೊರೆ ಮರದ ಗೂಟ, ಸುತ್ತಿಗೆ. ಯಾರಾದರೂ ಸಾರ್ವಜನಿಕ ದಾರಿಯನ್ನು ಉತ್ತು ಕಿರಿದು ಮಾಡಿದ್ದಾರೆಯೇ, ಹೊಲಗಳ ನಡುವಿನ ಹುಲ್ಲುಪಟ್ಟಿಗೆ ನೇಗಿಲು ಹಾಯಿಸಿದ್ದಾರೆಯೇ, ಪಕ್ಕದವನ ಸಾಲು ತಿಂದಿದ್ದಾರೆಯೇ ಎಂದು ಹೆಜ್ಜೆ ಹೆಜ್ಜೆಗೂ ನೋಡಿ ಗಡಿಗೆ ಹೊಸ ಗೂಟ ಹೊಡೆಯುತ್ತಾರೆ. ಒತ್ತುವರಿಯ ಗಣಿತ ಸರಳ. ಫರ್ಲಾಂಗು ಉದ್ದದ ಪಟ್ಟಿಯಲ್ಲಿ ಒಂದೇ ಅಡಿ ಅಗಲ ಕದ್ದರೂ 660 ಚದರಡಿ, ಅರ್ಧ ಗುಂಟೆಗಿಂತ ಹೆಚ್ಚು. ಕದ್ದದ್ದು ಬರಿಗಣ್ಣಿಗೆ ಕಾಣುವುದೂ ಇಲ್ಲ.

ಹೊಲದಂಚಿನಲ್ಲಿ ನಿಂತಿದ್ದ ಹಿರಿಯ ರೈತರೊಬ್ಬರ ಜೊತೆ ಮಾತಿಗೆ ನಿಂತದ್ದು ಊಟದ ಹೊತ್ತಿನವರೆಗೂ ಎಳೆಯಿತು.

“ಇಷ್ಟೆಲ್ಲ ಪಾಡು ಯಾಕೆ? ಪಟ್ಟಿಗಳನ್ನು ಅದಲುಬದಲು ಮಾಡಿಕೊಂಡು ಒಬ್ಬೊಬ್ಬರು ಒಂದೊಂದು ಕಡೆ ಬೇಲಿ ಹಾಕಿಕೊಳ್ಳಬಹುದಲ್ಲ?”

“ಇಡೀ ದೇಶ ಹಾಗೇ ಮಾಡಿತು. ಬೇಲಿ ಬಂತು, ಸಣ್ಣ ಹಿಡುವಳಿಯವರು ಹೋದರು.”

“ಯಂತ್ರಕ್ಕೆ ಪಟ್ಟಿ ಕಿರಿದಾಗುವುದಿಲ್ಲವೇ?”

“ಅಜ್ಜನ ಕಾಲದಲ್ಲೇ ಕೂಡಿಸಿ ಅಗಲ ಮಾಡಿದ್ದಾರೆ. ಈಗ ತೊಂದರೆಯಿಲ್ಲ. ನೀರು ನಿಲ್ಲುವ ಕಡೆ ಎಲ್ಲರಿಗೂ ಒಂದಿಷ್ಟು, ಒಳ್ಳೆ ಕಡೆ ಎಲ್ಲರಿಗೂ ಒಂದಿಷ್ಟು. ಅದು ತಪ್ಪಬಾರದು.”

“ಪಕ್ಕದ ಮನೆಯವರಿಗೇ ದಂಡ ಹಾಕುವುದು ಕಷ್ಟವಲ್ಲವೇ?”

“ಈ ವರ್ಷ ಅವನ ಸಾಲು ನಾನು ನೋಡುತ್ತೇನೆ. ಇನ್ನೊಂದು ವರ್ಷ ನನ್ನದು ಅವನು ನೋಡುತ್ತಾನೆ. ಹಾಗಾಗಿ ಇಬ್ಬರೂ ನೆಟ್ಟಗೆ ಉಳುತ್ತೇವೆ.”

“ದಂಡ ದೊಡ್ಡದೇ?”

“ದುಡ್ಡಿನ ಮಾತು ಬಿಡಿ. ಪಬ್ಬಿನಲ್ಲಿ ಎಲ್ಲರೆದುರು ಹೆಸರು ಓದುತ್ತಾರಲ್ಲ, ಅದು ದೊಡ್ಡದು.”

ಓದುವುದು ಮುಂದಿನ ವಾರ, ಡವ್‌ಕೋಟ್ ಇನ್ ಎಂಬ ಪಬ್ಬಿನಲ್ಲಿ. ಲಾರ್ಡನ ಪರವಾಗಿ ಸ್ಟೀವರ್ಡ್ ಒಬ್ಬರು ಅಧ್ಯಕ್ಷರು. ಜ್ಯೂರಿ ತಪ್ಪುಗಳನ್ನು ಮಂಡಿಸುತ್ತದೆ, ಮುಂದಿನ ವರ್ಷದ ಜ್ಯೂರಿ ಪ್ರಮಾಣ ತೆಗೆದುಕೊಳ್ಳುತ್ತದೆ. ಹಾಜರಾಗಬೇಕಾದ ಊರವರು ಬರದಿದ್ದರೆ ಕೆಲವು ಪೆನ್ಸ್ ದಂಡ. ತಪ್ಪಿಸಿಕೊಂಡ ದನ ಹಿಡಿದು ದೊಡ್ಡಿಗೆ ಕೂಡುವವನೊಬ್ಬ ಹುದ್ದೇದಾರನೂ ಇದ್ದಾನೆ, ದೊಡ್ಡಿ ಊರೊಳಗೇ ಇದೆ. ಇದನ್ನು ಪ್ರವಾಸಿಗರಿಗಾಗಿ ಆಡುವ ನಾಟಕ ಎಂದುಕೊಳ್ಳಬೇಡಿ. 1977ರ ಕಾಯ್ದೆ ಇಂಗ್ಲೆಂಡಿನಲ್ಲಿ ಲೀಟ್ ಎಂದು ಕರೆಯುವ ಇಂಥ ಮ್ಯಾನರ್ ನ್ಯಾಯಾಲಯಗಳ ವಿಚಾರಣಾಧಿಕಾರವನ್ನೆಲ್ಲ ರದ್ದು ಮಾಡಿದಾಗ ಲ್ಯಾಕ್ಸ್ಟನ್ ಒಂದನ್ನು ಮಾತ್ರ ಬಿಟ್ಟಿತು, ಏಕೆಂದರೆ ಇಲ್ಲಿ ಅದಕ್ಕೆ ನಿಜವಾದ ಕೆಲಸವಿತ್ತು.

ಒಡೆಯರಂತೂ ಬದಲಾಗುತ್ತಲೇ ಬಂದಿದ್ದಾರೆ. 1086ರ ಡೂಮ್ಸ್‌ಡೇ ಎಂಬ ಜಮೀನು ಗಣತಿಯ ಹೊತ್ತಿಗೆ ಊರು ತೋಚಿ ಎಂಬವನ ಕೈತಪ್ಪಿ ಜೆಫ್ರಿ ಅಲ್ಸೆಲಿನ್ ಎಂಬ ನಾರ್ಮನ್ನನಿಗೆ ಹೋಗಿತ್ತು. ಆಮೇಲೆ ಎವರಿಂಗ್‌ಹ್ಯಾಮ್ ಮನೆತನ. 1635ರಲ್ಲಿ ಸರ್ ವಿಲಿಯಂ ಕೋರ್ಟನ್ ಒಡೆಯನಾಗಿದ್ದಾಗ ಮಾರ್ಕ್ ಪಿಯರ್ಸ್ ಎಂಬ ಸರ್ವೆಯರ್ ಪಟ್ಟಿ ಪಟ್ಟಿ ಅಳೆದು ನಕ್ಷೆ ಬರೆದ. ಆಗ ಪಟ್ಟಿಗಳು ಎರಡು ಸಾವಿರಕ್ಕೂ ಮೇಲಿದ್ದವು, ಈಗ ಇನ್ನೂರನ್ನೂ ಮುಟ್ಟುವುದಿಲ್ಲ. 1952ರಲ್ಲಿ ಮ್ಯಾನ್ವರ್ಸ್ ಅರ್ಲ್ ಮನೆತನದಿಂದ ಕೃಷಿ ಸಚಿವಾಲಯ ಕೊಂಡಿತು, 1981ರಲ್ಲಿ ರಾಜಪೀಠದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು, 2020ರಲ್ಲಿ ಥೋರ್ಸ್‌ಬಿ ಎಸ್ಟೇಟಿಗೆ. ಅಂದರೆ ಸುತ್ತಿ ಬಳಸಿ ಹಳೆಯ ಅರ್ಲರ ಆಸ್ತಿಗೇ.

ಕೋಟೆಯೂ ಇಲ್ಲಿದೆ, ಊರಿನ ಉತ್ತರಕ್ಕೆ. ಗೋಡೆಯಿಲ್ಲ, ಹುಲ್ಲು ಬೆಳೆದ ಎತ್ತರದ ಮಣ್ಣಿನ ದಿಬ್ಬ ಮತ್ತು ಕಂದಕ, ಅರ್ಧ ಗಂಟೆ ಸಾಕು. ಸೇಂಟ್ ಮೈಕಲ್ ಚರ್ಚಿಗೆ ಅದಕ್ಕಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಅಲ್ಲಿ ಎವರಿಂಗ್‌ಹ್ಯಾಮ್ ಮನೆತನದವರ ಮಲಗಿದ ಪ್ರತಿಮೆಗಳಿವೆ. ಉಳಿದವು ಕಲ್ಲಿನವು, ಹೆಂಗಸಿನದೊಂದು ಮಾತ್ರ ಓಕ್ ಮರದ್ದು. ಮರದ ಪ್ರತಿಮೆ ಇಷ್ಟು ಕಾಲ ಬಾಳುವುದು ಇಂಗ್ಲೆಂಡಿನಲ್ಲಿ ಅಪರೂಪ. ಊರಿನ ಬೀದಿಯಲ್ಲಿ ನಡೆಯುವಾಗ ಗಮನಿಸಿ, ತೋಟದ ಮನೆಗಳೆಲ್ಲ ಊರೊಳಗೇ ಇವೆ, ಹಲವು ರಸ್ತೆಗೆ ಪಕ್ಕ ತಿರುಗಿಸಿ ಕೂತಿವೆ, ಹಿಂದೆ ಉದ್ದನೆಯ ಹಿತ್ತಲು. ಹೊಲ ಮೂರು ದಿಕ್ಕಿಗೆ ಚದುರಿರುವಾಗ ಮನೆ ನಡುವೆ ಇರುವುದೇ ಅನುಕೂಲ.

ಕೆಸರು ಬೇಡ ಅನ್ನುವವರು ಜೂನ್ ಕೊನೆಗೆ ಹೋಗಲಿ. ಉಳಲಾಗದ ತೇವದ ಹುಲ್ಲುಪಟ್ಟಿಗಳಿಗೆ ಸೈಕ್ ಎನ್ನುತ್ತಾರೆ, ಅವು ಆಗ ಹೂಬಿಟ್ಟಿರುತ್ತವೆ. ಅಲ್ಲಿನ ಹುಲ್ಲನ್ನು ಹಕ್ಕುದಾರರ ನಡುವೆ ಪ್ರತಿ ವರ್ಷ ಹರಾಜು ಹಾಕುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೆಳೆದ ಗೋಧಿಯೊಳಗೆ ಪಟ್ಟಿಯ ಗಡಿ ಕಾಣುವುದಿಲ್ಲ, ಗೂಟವೂ ಕಾಣುವುದಿಲ್ಲ. ಹೊಲ ನೋಡಬೇಕಾದವರಿಗೆ ನವೆಂಬರೇ ಸರಿ. ಪಿಯರ್ಸನ ಮೂಲ ನಕ್ಷೆ ಲ್ಯಾಕ್ಸ್ಟನ್ನಿನಲ್ಲಿಲ್ಲ, ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಪಬ್ಬಿನ ಪಕ್ಕದ ಸಂದರ್ಶಕರ ಕೇಂದ್ರದಲ್ಲಿ ಹೊಲಗಳ ವ್ಯವಸ್ಥೆ ವಿವರಿಸುವ ಫಲಕಗಳಿವೆ. ಮೊದಲು ಅವನ್ನು ಓದಿಕೊಂಡು ಆಮೇಲೆ ಹೊಲಕ್ಕೆ ಇಳಿಯಿರಿ.