ಖನಿಜದ ಗುಳಿಗೆಗಳ ಬಾಳಿಕೆ: ಹನ್ನೆರಡನೆಯ ವಾರದ ಟಿಪ್ಪಣಿ

ರಾಯಚೂರಿನಲ್ಲಿ ಏನು ಕೆಟ್ಟರೂ ಅಪವಾದ ಬಿಸಿಲಿನ ಮೇಲೆಯೇ ಬರುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆಗಳ ವಿಷಯದಲ್ಲಿ ನಾನೂ ಹಾಗೆಯೇ ಎಣಿಸಿ ಈ ಪ್ರಯೋಗಕ್ಕೆ ಕೈಹಾಕಿದ್ದೆ. ಈಗ ಆ ಎಣಿಕೆಯನ್ನು ತಿದ್ದಿಕೊಳ್ಳಬೇಕಾಗಿದೆ.

ಪೊಟ್ಟಣದಿಂದ ಬಿಡಿಸಿದ ಕ್ಯಾಲ್ಸಿಯಂ ಕಾರ್ಬೊನೇಟ್, ಫೆರಸ್ ಸಲ್ಫೇಟ್ ಹಾಗೂ ನೀರಿಗೆ ಹಾಕಿದರೆ ನೊರೆಯೇಳುವ ಮೆಗ್ನೀಷಿಯಂ ಗುಳಿಗೆಗಳು ಎರಡು ಗಾಜಿನ ಭರಣಿಗಳಲ್ಲಿ, ತಾರಸಿಯ ಕೆಳಗಿನ ಅಟ್ಟದ ಮೇಲೆ ಒಂದೇ ಸೆಕೆಯಲ್ಲಿ ಕುಳಿತಿವೆ. ಒಂದರ ತಳದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇದೆ. ಇನ್ನೊಂದರಲ್ಲಿ, ಕರಗದೆ ಮಿಗುವಷ್ಟು ಉಪ್ಪು ಕಲಸಿದ ನೀರಿನ ಬಟ್ಟಲಿದೆ. ಅಂಥ ನೀರು ಮುಚ್ಚಿದ ಭರಣಿಯೊಳಗಿನ ಸಾಪೇಕ್ಷ ಆರ್ದ್ರತೆಯನ್ನು, ಎಂದರೆ ಗಾಳಿ ಹಿಡಿಯಬಲ್ಲ ತೇವದಲ್ಲಿ ಎಷ್ಟು ಪಾಲು ಅದರಲ್ಲಿದೆ ಎಂಬುದನ್ನು, ಶೇಕಡಾ 75ರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಔಷಧ ತಯಾರಕರು ಬಾಳಿಕೆಯನ್ನು ಬೇಗ ಅಳೆಯಲು ಮಾಡುವ ತ್ವರಿತ ಪರೀಕ್ಷೆಯೂ 40 ಡಿಗ್ರಿ ಸೆಲ್ಸಿಯಸ್ ಮತ್ತು ಶೇಕಡಾ 75ರ ಆರ್ದ್ರತೆಯಲ್ಲಿ 6 ತಿಂಗಳು ನಡೆಯುತ್ತದೆ. ಆ 40 ಡಿಗ್ರಿಯನ್ನು ನಮ್ಮೂರ ಏಪ್ರಿಲ್ ಹಗಲು ಹೊತ್ತು ಪುಕ್ಕಟೆಯಾಗಿ ಕೊಡುತ್ತದೆ, ರಾತ್ರಿ ಮಾತ್ರ ಕೈಕೊಡುತ್ತದೆ. “ಏನ್ರಿ, ಗುಳಿಗಿ ಉಪ್ಪಿನಕಾಯಿ ಹಾಕೀರೇನು?” ಎಂದು ಮನೆಯಾಕೆ ಕೇಳಿದ್ದು ತಪ್ಪೇನಲ್ಲ.

ಉಪ್ಪಿನ ಭರಣಿಯಲ್ಲಿ ಮೊದಲು ಸೋತದ್ದು ನೊರೆಯ ಗುಳಿಗೆ. ನಾಲ್ಕನೆಯ ದಿನ ಬೆರಳಿಗೆ ಅಂಟಿತು, ಎರಡನೆಯ ವಾರ ಉಬ್ಬಿ ಮುದ್ದೆಯಾಯಿತು. ಅದರೊಳಗಿನ ಸಿಟ್ರಿಕ್ ಆಮ್ಲವೂ ಅಡುಗೆ ಸೋಡಾವೂ ತುಸು ತೇವ ಸಿಕ್ಕೊಡನೆ ವರ್ತಿಸತೊಡಗುತ್ತವೆ; ಆ ಕ್ರಿಯೆಯಲ್ಲಿ ಹುಟ್ಟುವ ನೀರೇ ಮುಂದಿನ ಕ್ರಿಯೆಗೆ ತೇವವಾಗುವುದರಿಂದ, ಒಮ್ಮೆ ಆರಂಭವಾದದ್ದು ತಾನಾಗಿ ನಿಲ್ಲುವುದಿಲ್ಲ.

ಕಬ್ಬಿಣದ ಗುಳಿಗೆ ಐದನೆಯ ವಾರದವರೆಗೆ ಗಟ್ಟಿಯಾಗಿತ್ತು. ಆಮೇಲೆ ಅಂಚಿನಲ್ಲಿ ಲೇಪ ಕೂದಲೆಳೆಯಷ್ಟು ಬಿರಿದು, ಬಿರುಕಿನುದ್ದಕ್ಕೂ ಕಂದು ಚುಕ್ಕೆಗಳು ಮೂಡಿದವು. ಗುಳಿಗೆಯಲ್ಲಿರುವ ಫೆರಸ್ ರೂಪದ ಕಬ್ಬಿಣ ಉತ್ಕರ್ಷಣಗೊಂಡು ಫೆರಿಕ್ ರೂಪಕ್ಕೆ ತಿರುಗುತ್ತಿರುವ ಗುರುತು ಇದು. ಫೆರಿಕ್ ರೂಪ ದೇಹಕ್ಕೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಈ ವಾರ ಎರಡೂ ಭರಣಿಗಳ ಗುಳಿಗೆಗಳಿಂದ ಸಮತೂಕದ ಪುಡಿ ಕೆರೆದು, ಸಾರರಿಕ್ತ ಆಮ್ಲದಲ್ಲಿ ಕರಗಿಸಿ ಫೆರಿಕ್ ಇದ್ದರೆ ಕೆಂಪಾಗುವ ಥಯೋಸಯನೇಟ್ ಹನಿ ಹಾಕಿದೆ. ಒಣ ಭರಣಿಯದು ತೆಳುಗೆಂಪಾದರೆ, ಉಪ್ಪಿನ ಭರಣಿಯದು ರಕ್ತದ ಬಣ್ಣಕ್ಕೆ ತಿರುಗಿತು.

ಕ್ಯಾಲ್ಸಿಯಂ ಕಾರ್ಬೊನೇಟ್ ಎರಡರಲ್ಲೂ ಜಗ್ಗಲಿಲ್ಲ; ಹೇಳಿಕೇಳಿ ಅದು ಸುಣ್ಣದ ಕಲ್ಲಿನ ಜಾತಿ. ಜೊತೆಗೆ ಬೆರೆಸಿರುವ ಡಿ3 ಜೀವಸತ್ವದ ಗತಿಯನ್ನು ಮಾತ್ರ ಈ ಏರ್ಪಾಟು ತೋರಿಸಲಾರದು.

ಆರನೆಯ ವಾರ ಒಣ ಭರಣಿಯ ಮುಚ್ಚಳ ಸಡಿಲವಾಗಿ, ನೀಲಿ ಸಿಲಿಕಾ ಜೆಲ್ ತೇವ ಹೀರಿ ಗುಲಾಬಿಗೆ ತಿರುಗಿದ್ದರಿಂದ ಆ ವಾರದ ತೂಕಗಳನ್ನು ಲೆಕ್ಕದಿಂದ ಕೈಬಿಟ್ಟಿದ್ದೇನೆ. ಉಳಿದಂತೆ, ಅದೇ ಸೆಕೆಯನ್ನು ಉಂಡ ಒಣ ಭರಣಿಯ ಗುಳಿಗೆಗಳು ಬಹುಮಟ್ಟಿಗೆ ಇದ್ದ ಹಾಗೆಯೇ ಇರುವಾಗ, ಬಿಸಿಲನ್ನು ಮೊದಲ ಆರೋಪಿಯನ್ನಾಗಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಮಾತ್ರೆಗಳನ್ನೆಲ್ಲ ಬಿಡಿಸಿ ಒಲೆಯ ಪಕ್ಕದ, ಅಡುಗೆಯ ಆವಿ ತಾಗುವ ಸ್ಟೀಲ್ ಡಬ್ಬಿಗೆ ಸುರಿಯುವ ನಮ್ಮ ಮನೆಯ ರೂಢಿಯೇ ಹೆಚ್ಚು ಕೆಡುಕಿನದೆಂದು ತೋರುತ್ತದೆ.

ನಾಳೆಯಿಂದ ಕಬ್ಬಿಣದ ಗುಳಿಗೆಗಳನ್ನು ಬಿಡಿಸದೆ, ಪಾರದರ್ಶಕ ಪ್ಲಾಸ್ಟಿಕ್ಕಿನ ಪಟ್ಟಿಯೊಂದನ್ನೂ ಎರಡೂ ಬದಿ ಅಲ್ಯೂಮಿನಿಯಂ ಇರುವ ಪಟ್ಟಿಯೊಂದನ್ನೂ ಉಪ್ಪಿನ ಭರಣಿಗೆ ಇಳಿಸಲಿದ್ದೇನೆ.